ನಂಜನಗೂಡಿನ ಬೆಂಗಳೂರು ಟೀಮ್

ನಂಜನಗೂಡಿನ ಮಂಗಳಗೌರಿಗೆ ಸಿಟ್ಟು ಬರುವುದು ಕಡಿಮೆ. ಬಂದದ್ದು ಹೋಗುವುದು ಇನ್ನೂ ಕಡಿಮೆ. ಬೇರೆಯವರು ಸಿಟ್ಟು ಬಂದ ಕೂಡಲೇ ಕೂಗಾಡಿ ಅದನ್ನು ಖರ್ಚು ಮಾಡಿಬಿಡುತ್ತಾರೆ. ಈಕೆ ಉಪ್ಪಿನಕಾಯಿ ಹಾಕಿದ ಹಾಗೆ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅಟ್ಟದ ಮೇಲಿಡುತ್ತಾಳೆ. ಹದಕ್ಕೆ ಬಂದಾಗ ಇಳಿಸುತ್ತಾಳೆ. ನಾದಿನಿಯ ಮದುವೆಯಲ್ಲಿ ದೂರದ ನೆಂಟನೊಬ್ಬ ಇವಳ ಎಲೆ ದಾಟಿಕೊಂಡು ಪಕ್ಕದವರಿಗೆ ಒಬ್ಬಟ್ಟು ಬಡಿಸಿ ಹೋಗಿದ್ದ. ಎಷ್ಟೋ ವರ್ಷದ ಮೇಲೆ ಆತ ಸಕ್ಕರೆ ಕಾಯಿಲೆಯವನಾಗಿ ಇವರ ಮನೆಗೆ ಊಟಕ್ಕೆ ಬಂದ. ಮಂಗಳಗೌರಿ ತುಪ್ಪ ಸುರಿದ ಒಬ್ಬಟ್ಟನ್ನು ಆತನ ಎಲೆಗೆ ಹಾಕಿ, "ತಿನ್ನಿ ಮಾವ, ನಿಮಗೇ ಅಂತ ಮಾಡಿದ್ದು" ಎಂದು ಅಲ್ಲೇ ನಿಂತುಕೊಂಡಳು. ಆತ ಒಬ್ಬಟ್ಟನ್ನೊಮ್ಮೆ, ಎದುರಿಗೆ ಕೂತಿದ್ದ ಹೆಂಡತಿಯನ್ನೊಮ್ಮೆ ನೋಡುತ್ತ ಬರೀ ಸಾರನ್ನ ಕಲಸಿದ. ಮಂಗಳಗೌರಿ ಅಂದು ರಾತ್ರಿ ಹಾಯಾಗಿ ನಿದ್ದೆ ಮಾಡಿದಳು.

ಊರಲ್ಲಿ ಅಷ್ಟೊಂದು ಜನರಿರುವಾಗ ರುದ್ರೇಶ್ ಇಂಥವಳ ಕೆಲಸಕ್ಕೇ ಕೈಹಾಕಿದನಲ್ಲ, ಅದನ್ನು ಧೈರ್ಯ ಎನ್ನಬೇಕೋ ಗ್ರಹಚಾರ ಎನ್ನಬೇಕೋ ತಿಳಿಯದು.

ರುದ್ರೇಶ್ ಅವಳ ಗಂಡ ನಂಜೇಶನ ಚಿಕ್ಕಪ್ಪನ ಮಗ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹೆಜ್ಜೆ ಎಣಿಸುವ ವಾಚು, ಬಾಯಲ್ಲಿ ಮಾತಿಗೊಂದು 'ಸಲ್ಯೂಷನ್'. ಅವನು ಕಲ್ಯಾಣ ಮಂಟಪಗಳ ಮಾಲೀಕರನ್ನು ಹಿಡಿದು, "ನಿಮ್ಮ ಬುಕಿಂಗೆಲ್ಲ ಕಂಪ್ಯೂಟರಿಗೆ ಹಾಕಿಸಿಕೊಡ್ತೀನಿ" ಎಂದು ಒಪ್ಪಿಸಿ ಬರುತ್ತಿದ್ದ. ಹಾಕಿಕೊಡುತ್ತಿದ್ದವಳು ಮಂಗಳಗೌರಿ. ಮನೆಯ ಹಿಂದಿನ ಕೋಣೆಯಲ್ಲಿ, ಒಂದು ಕಾಲಕ್ಕೆ ಭತ್ತದ ಮೂಟೆ ಒಟ್ಟುತ್ತಿದ್ದ ಜಾಗದಲ್ಲಿ ಅವಳ ಕಂಪ್ಯೂಟರು ಕೂತಿತ್ತು. ಒಂದು ಕಿವಿಯನ್ನು ಕುಕ್ಕರಿನ ಕಡೆಗಿಟ್ಟು ಅವಳು ಅಲ್ಲಿ ವೆಬ್‌ಸೈಟುಗಳನ್ನು ಕಟ್ಟುತ್ತಿದ್ದಳು. ಯಾವ ಮುಹೂರ್ತಕ್ಕೆ ಮಂಟಪ ಖಾಲಿ, ಯಾರಿಗೆ ಎಷ್ಟು ಕೋಣೆ, ಯಾವ ಪಾತ್ರೆ ಯಾರ ವಶ, ಎಲ್ಲವೂ ಅದರಲ್ಲಿ ಸಿಗುತ್ತಿತ್ತು.

ಅವಳ ಕೆಲಸ ಅರ್ಥವಾಗಬೇಕಾದರೆ ಮದುವೆಮನೆಯನ್ನು ನೆನೆದರೆ ಸಾಕು. ಕಣ್ಣಿಗೆ ಕಾಣುವ ವೆಬ್‌ಸೈಟು ಊಟದ ಹಾಲಿದ್ದ ಹಾಗೆ. ಡೇಟಾಬೇಸು ಹಿಂದಿನ ಉಗ್ರಾಣ. ಬಡಿಸುವವನು ಎಷ್ಟೇ ಚುರುಕಾಗಿರಲಿ, ಉಗ್ರಾಣದವನು ಬಾಗಿಲು ತೆಗೆಯದಿದ್ದರೆ ಖಾಲಿ ಬಕೆಟ್ಟು ಹಿಡಿದು ಪಂಕ್ತಿಯ ಮುಂದೆ ನಿಲ್ಲಬೇಕು. ಕಂಪ್ಯೂಟರಿನವರು ಆ ಅವಮಾನಕ್ಕೆ ಕನೆಕ್ಷನ್ ಎರರ್ ಎಂದು ಹೆಸರಿಟ್ಟಿದ್ದಾರೆ.

ಇಷ್ಟೆಲ್ಲ ಮಾಡಿದವಳ ಹೆಸರನ್ನು ರುದ್ರೇಶ್ ಎಲ್ಲೂ ಎತ್ತುತ್ತಿರಲಿಲ್ಲ. ಕೇಳಿದವರಿಗೆಲ್ಲ, "ನಮ್ಮ ಬೆಂಗಳೂರು ಟೀಮ್ ಮಾಡ್ತದೆ ಸಾ" ಎನ್ನುತ್ತಿದ್ದ. ಮೊದಮೊದಲು ಮಂಗಳಗೌರಿಗೆ ನಗು ಬರುತ್ತಿತ್ತು. ಅವಳು ಬಟ್ಟೆ ಒಣಗಹಾಕುತ್ತಿರುವಾಗ ಅವನು ಪಕ್ಕದಲ್ಲೇ ನಿಂತು, "ಟೀಮ್ ಈಗ ಮೀಟಿಂಗಲ್ಲಿದೆ" ಎಂದು ಫೋನಿನಲ್ಲಿ ಹೇಳಿದ್ದೂ ಉಂಟು. ಆದರೆ ಟಿ. ನರಸೀಪುರದ ಗುರುಮಲ್ಲಪ್ಪನವರ ಮಂಟಪದಲ್ಲಿ ವೆಬ್‌ಸೈಟಿನ ಉದ್ಘಾಟನೆಯಾದ ದಿನ ನಗು ನಿಂತಿತು. ಗುರುಮಲ್ಲಪ್ಪನವರು ಮೂಗೂರಿನ ಕಡೆಯ ಜಮೀನುದಾರರು, ಮಂಟಪ ಮಾಲೀಕರ ಸಂಘದ ಅಧ್ಯಕ್ಷರು. ಅವರು ಮೈಕಿನಲ್ಲಿ, "ಬೆಂಗಳೂರು ಹುಡುಗ್ರು ಚೆಂದಾಗಿ ಮಾಡವ್ರೆ, ಅವ್ರಿಗೊಂದು ಚಪ್ಪಾಳೆ" ಎಂದರು. ಹೆಂಗಸರ ನಡುವೆ ಕೂತಿದ್ದ ಮಂಗಳಗೌರಿ ರುದ್ರೇಶನ ಮುಖ ನೋಡಿದಳು. ಅವನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ.

ನಂಜನಗೂಡಿನಲ್ಲಿ ತುಂಬಿ ಹರಿಯುವ ಕಪಿಲೆ ನರಸೀಪುರಕ್ಕೆ ಹೋಗಿ ಕಾವೇರಿಗೆ ಸೇರಿ ಹೆಸರು ಕಳೆದುಕೊಳ್ಳುತ್ತಾಳೆ. ಕಪಿಲೆಗೆ ಅದರಿಂದ ಬೇಸರವಿದ್ದಂತಿಲ್ಲ. ಮಂಗಳಗೌರಿಗೆ ಇತ್ತು. ಅಂದೇ ಅವಳು ನಿಶ್ಚಯಿಸಿದಳು: ಆ ಟೀಮ್ ಯಾರು ಎಂಬುದನ್ನು ಅದೇ ಮಂಟಪದಲ್ಲಿ, ಅದೇ ಮೈಕಿನಲ್ಲಿ, ರುದ್ರೇಶನ ಬಾಯಿಂದಲೇ ಹೇಳಿಸಬೇಕು.

ಅದಾದ ಸ್ವಲ್ಪ ದಿನಕ್ಕೆ ಗುರುಮಲ್ಲಪ್ಪನವರ ಮಂಟಪದಲ್ಲಿ ನಡೆಯಬೇಕಿದ್ದ ಒಂದು ಮದುವೆ ಮುರಿದುಬಿತ್ತು. ಹುಡುಗನಿಗೆ ಬೇರೆ ಯಾರೋ ಇದ್ದಳಂತೆ. ಗುರುಮಲ್ಲಪ್ಪನವರು ಆ ಕಾರಣವನ್ನು ಒಪ್ಪಲಿಲ್ಲ. ಬುಕಿಂಗ್ ಆದ ಹೊತ್ತು ನೋಡಿದರೆ ರಾಹುಕಾಲ. ದೋಷ ಅಲ್ಲೇ ಇದೆ ಎಂದರು. ಇನ್ನು ಮೇಲೆ ರಾಹುಕಾಲದಲ್ಲಿ ಕಂಪ್ಯೂಟರು ಒಂದಕ್ಷರವನ್ನೂ ಬರೆದುಕೊಳ್ಳಕೂಡದು ಎಂದು ಅಪ್ಪಣೆಯಾಯಿತು.

"ಅತ್ಗೆ, ಆ ಮುದುಕಪ್ಪ ರಾಹುಕಾಲ ಅಂತ ತಲೆ ತಿಂತಾವ್ನೆ. ಏನಾದ್ರೂ ಒಂದು ಮಾಡಿ ಮುಗ್ಸಿ" ಎಂದ ರುದ್ರೇಶ್.

"ಏನು ಮಾಡ್ಬೋದು ಅಂದ್ರೆ..."

"ನನಗ್ಯಾಕೆ ಅದೆಲ್ಲ. ಮಾಡಿ ಅಷ್ಟೆ."

ಮಂಗಳಗೌರಿ ಮಾಡಿದಳು. ಆಯಾ ವಾರದ ರಾಹುಕಾಲ ಹುಟ್ಟುತ್ತಿದ್ದಂತೆ ಡೇಟಾಬೇಸು ತಾನಾಗಿ ಮಲಗುವುದು, ಕಳೆಯುತ್ತಿದ್ದಂತೆ ತಾನಾಗಿ ಏಳುವುದು. ನಡುವೆ ಯಾರಾದರೂ ಬಲವಂತದಿಂದ ಎಬ್ಬಿಸಿದರೂ ಒಂದೆರಡು ನಿಮಿಷದಲ್ಲಿ ಮತ್ತೆ ಮಲಗುವುದು. ಮೊದಲು ತನ್ನ ಕಂಪ್ಯೂಟರಿನಲ್ಲಿ ಮಾಡಿ ನೋಡಿ, ಆಮೇಲೆ ಮಂಟಪದ ಆಫೀಸಿನ ಕಂಪ್ಯೂಟರಿಗೂ ಹಾಕಿದಳು. ತನ್ನದರಿಂದ ಅದನ್ನು ತೆಗೆಯಲಿಲ್ಲ. ಅಷ್ಟು ಹೊತ್ತು ಅವಳಿಗೂ ಕಾಲು ಚಾಚುವ ಬಿಡುವು ಸಿಗುತ್ತಿತ್ತು.

ಆಮೇಲೊಂದು ದಿನ ರುದ್ರೇಶ್ ಪುಟ್ಟ ಡಿಸ್ಕೊಂದನ್ನು ಹಿಡಿದುಕೊಂಡು ಬಂದ. "ಬ್ಯಾಕಪ್ ತಗೋತೀನಿ ಅತ್ಗೆ, ಎಲ್ಲಾದ್ರೂ ಕಂಪ್ಯೂಟರ್ ಕೆಟ್ರೆ ಕಷ್ಟ" ಎಂದು ಅವಳ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಬುಡಸಮೇತ ಕಾಪಿ ಮಾಡಿಕೊಂಡು ತನ್ನ ಹೊಸ ಲ್ಯಾಪ್‌ಟಾಪಿಗೆ ಇಳಿಸಿದ. ಮುಂದಿನ ತಿಂಗಳು ನರಸೀಪುರದಲ್ಲಿ ಗಾಜಿನ ಬಾಗಿಲಿನ ಆಫೀಸು ತೆರೆದ. "ಇನ್ಮೇಲೆ ನಿಮ್ಗೆ ತೊಂದ್ರೆ ಕೊಡಲ್ಲ ಅತ್ಗೆ, ರೆಸ್ಟ್ ತಗೊಳ್ಳಿ" ಎಂಬ ಸಂದೇಶವನ್ನೂ, ಕೈಮುಗಿದ ಒಂದು ಚಿತ್ರವನ್ನೂ ಕಳಿಸಿದ. ಮೂಟೆಯೊಳಗೆ ಹೆಗ್ಗಣವಿದೆಯೇ ಎಂದು ನೋಡದೆ ಹೊತ್ತುಕೊಂಡು ಹೋಗಿದ್ದ.

ಹೆಗ್ಗಣ ಸದ್ದು ಮಾಡುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಒಂದು ಸೋಮವಾರ ಬೆಳಗ್ಗೆ ತಿಂಡಿಯ ಹೊತ್ತಿಗೆ ರುದ್ರೇಶ್ ಲ್ಯಾಪ್‌ಟಾಪನ್ನು ಹಸುಗೂಸಿನ ಹಾಗೆ ಎದೆಗಪ್ಪಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಅತ್ಗೆ, ಒಂದು ಸಣ್ಣ ಪ್ರಾಬ್ಲಮ್ಮು."

"ಬಾರಪ್ಪ. ಬೆಂಗಳೂರಿನೋರು ರಜಾನಾ?"

ರುದ್ರೇಶ್ ನಾಚಿಕೆಪಡುವ ಸ್ಥಿತಿಯಲ್ಲಿರಲಿಲ್ಲ. ಶುಕ್ರವಾರ ಗುರುಮಲ್ಲಪ್ಪನವರ ಮಂಟಪದಲ್ಲಿ ಎರಡು ತಾಲ್ಲೂಕಿನ ಮಾಲೀಕರ ಸಭೆ. ಎಲ್ಲ ಮಂಟಪಗಳಿಗೂ ಸೇರಿ ಒಂದೇ ವೆಬ್‌ಸೈಟು ಮಾಡುವ ಮಾತು. ಅದರ ಮಾದರಿಯನ್ನು ಅವನು ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಬೇಕು. ಆದರೆ ಈ ಹಾಳು ಲ್ಯಾಪ್‌ಟಾಪು ಇದ್ದಕ್ಕಿದ್ದ ಹಾಗೆ ಡೇಟಾಬೇಸು ಸಿಗುತ್ತಿಲ್ಲ ಎನ್ನುತ್ತದೆ.

"ಯಾವಾಗ ಬರುತ್ತೆ ಈ ಎರರ್ರು?"

"ಹೊತ್ತು ಗೊತ್ತು ಇಲ್ಲ ಅತ್ಗೆ. ಶನಿವಾರ ಬೆಳಗ್ಗೆ ಹತ್ತಕ್ಕೆ ಬಂತು. ನೆನ್ನೆ ನೋಡಿದ್ರೆ ಸಂಜೆ ಐದಕ್ಕೆ. ಇವತ್ತು ಬಸ್ ಹತ್ತೋಕೆ ಮುಂಚೆ ತೆಗೆದ್ರೆ ಬೆಳ್‌ಬೆಳಗ್ಗೇನೇ ಬಂದು ಕೂತದೆ. ಪೂರ್ತಿ ಅಳಿಸಿ ಮತ್ತೆ ಹಾಕಿದ್ರೂ ಅಷ್ಟೆ."

ಶನಿವಾರ ಹತ್ತು, ಭಾನುವಾರ ಐದು, ಸೋಮವಾರ ಬೆಳಗ್ಗೆ. ಮಂಗಳಗೌರಿ ತಟ್ಟನೆ ಒಲೆಯ ಕಡೆ ತಿರುಗಿ, ಉಕ್ಕದ ಹಾಲನ್ನು ಉಕ್ಕಿತೇನೋ ಎಂಬಂತೆ ನೋಡಿದಳು. ಮುಖಕ್ಕೆ ಬಂದದ್ದನ್ನು ಅವನು ನೋಡಕೂಡದಾಗಿತ್ತು. ರಾಹು ಅವಳ ಪರವಾಗಿ ನಿಂತಿದ್ದ. ನವಗ್ರಹಗಳಲ್ಲಿ ಅವನೊಬ್ಬನನ್ನು ಅವಳು ಇದುವರೆಗೆ ಸರಿಯಾಗಿ ವಿಚಾರಿಸಿಕೊಂಡಿರಲಿಲ್ಲ.

"ಇದು ಕಷ್ಟದ ಕಾಯಿಲೆ ಕಣಪ್ಪ. ಕೂತ್ಕೊ" ಎಂದಳು.

ಮೊದಲ ದಿನ ಪೋರ್ಟಿನ ಚಿಕಿತ್ಸೆ. ವೆಬ್‌ಸೈಟು ಉಗ್ರಾಣದ ಯಾವ ಬಾಗಿಲು ತಟ್ಟಬೇಕು ಎಂಬುದಕ್ಕೆ ಒಂದು ನಂಬರ್ ಇರುತ್ತದೆ. ಮಂಗಳಗೌರಿ ಆ ನಂಬರನ್ನು ಬದಲು ಮಾಡಿಸಿ, ತಿರುಗಿ ಮೊದಲಿನದನ್ನೇ ಹಾಕಿಸಿ, ನಡುವೆ ಒಂದು ಲೋಟ ಕಾಫಿ ಕುಡಿಸಿ, ಉಪ್ಪಿಟ್ಟು ತಿನ್ನಿಸಿದಳು. ಒಂಬತ್ತಾಯಿತು. "ಈಗ ನೋಡು" ಎಂದಳು. ವೆಬ್‌ಸೈಟು ನಗುನಗುತ್ತ ತೆರೆದುಕೊಂಡಿತು.

"ನಿಮ್ಮ ಕೈಗುಣ ಅತ್ಗೆ" ಎಂದ ರುದ್ರೇಶ್.

"ಸಮಯ ಸರಿ ಇತ್ತು" ಎಂದಳು ಮಂಗಳಗೌರಿ. ಸುಳ್ಳು ಹೇಳಿದಳೆಂದು ನಾಳೆ ಯಾರೂ ಅನ್ನಬಾರದಲ್ಲ.

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಅವನ ಫೋನು ಬರಲೆಂದು ಮೊದಲೇ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು. ಬಂತು. ಅಂದು ಪಾಸ್‌ವರ್ಡಿನ ಚಿಕಿತ್ಸೆ. ಉದ್ದನೆಯದೊಂದು ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಹೇಳಿ, ಕೊನೆಗೆ ಬಂದಾಗ, "ಅಯ್ಯೋ, ಮಧ್ಯೆ ಒಂದು ಬಿಟ್ಟೆ ಕಣಪ್ಪ, ಮೊದಲಿಂದ ಹೇಳ್ತೀನಿ" ಎಂದಳು. ಬುಧವಾರ ಊಟದ ಹೊತ್ತಿಗೆ ಫೈರ್‌ವಾಲಿನ ಚಿಕಿತ್ಸೆ. ಅವನ ಎಲೆಯ ಮೇಲೆ ಅನ್ನ ಆರುತ್ತಿರುವುದು ಫೋನಿನಲ್ಲಿ ಅವನ ಹೆಂಡತಿಯ ಕೂಗಿನಿಂದ ತಿಳಿಯುತ್ತಿತ್ತು. ಮಂಗಳಗೌರಿ ಅವಸರ ಮಾಡಲಿಲ್ಲ.

"ಚಾರ್ಜರ್ ಕಿತ್ತುಹಾಕು. ಲ್ಯಾಪ್‌ಟಾಪ್ ಮೇಜಿನ ಮೇಲೆ ಬೇಡ, ನೆಲದ ಮೇಲಿಡು. ನೀನೂ ನೆಲದ ಮೇಲೇ ಕೂರ್ಬೇಕು, ಚಕ್ಕಂಬಕ್ಕಳ."

"ಇದ್ಯಾಕೆ ಅತ್ಗೆ?"

"ಅರ್ಥಿಂಗು."

ಪಕ್ಕದಲ್ಲಿ ಕೂತು ಪಂಪ್‌ಸೆಟ್ಟಿನ ಬೇರಿಂಗು ಒರೆಸುತ್ತಿದ್ದ ನಂಜೇಶ್ ತಲೆ ಎತ್ತಿದ. ಮೋಟಾರು ರಿಪೇರಿಯವನಾದ್ದರಿಂದ ಅವನಿಗೆ ಅರ್ಥಿಂಗಿನ ವಿಷಯ ಒಂದಿಷ್ಟು ಗೊತ್ತಿತ್ತು.

"ಯಾಕೆ ಆ ಹುಡುಗನ್ನ ಹಂಗೆ ಗೋಳು ಹುಯ್ಕೊತೀಯ?"

"ಗೋಳಲ್ಲ ಕಣ್ರೀ. ತಪ್ಪು ಎಲ್ಲಿದೆ ಅಂತ ಹುಡುಕ್ತಾ ಇದೀನಿ."

"ಸಿಕ್ತಾ?"

"ನರಸೀಪುರದಲ್ಲಿದೆ. ಬಿಳೀ ಶರ್ಟು ಹಾಕ್ಕೊಂಡದೆ."

ಗುರುವಾರ ಸಂಜೆ ರುದ್ರೇಶ್ ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದ. ಮಂಗಳಗೌರಿ ಜಾಡಿಯ ಬಾಯಿಯ ಬಟ್ಟೆಯನ್ನು ಸಡಿಲಿಸಿ ಅವನಿಗೊಂದು ಅವಕಾಶ ಕೊಟ್ಟಳು. ಕೊಡಲೇಬೇಕಲ್ಲ, ಅವಕಾಶ ಕೊಡದೆ ತೀರಿಸಿಕೊಂಡ ಸೇಡಿಗೆ ರುಚಿಯಿಲ್ಲ.

"ರುದ್ರೇಶ, ನಾಳೆ ಸಭೇಲಿ ಇದನ್ನ ಮಾಡಿದ್ದು ಯಾರು ಅಂತ ಒಂದು ಮಾತು ಹೇಳ್ತೀಯೇನಪ್ಪ?"

ರುದ್ರೇಶ್ ಸಣ್ಣಗೆ ನಕ್ಕ. ಮಗು ಚಂದ್ರನನ್ನು ಕೇಳಿದಾಗ ದೊಡ್ಡವರು ನಗುವ ಹಾಗೆ. "ಅತ್ಗೆ, ನಿಮ್ಮ ಮೇಲೆ ನಂಗೆ ಗೌರವ ಇಲ್ವಾ? ಆದ್ರೆ ಬಿಸಿನೆಸ್ ಬೇರೆ. ಬೆಂಗಳೂರು ಟೀಮ್ ಅಂದ್ರೆ ಜನ ಬಾಯ್ಮುಚ್ಕೊಂಡು ನಂಬ್ತಾರೆ. ನಂಜನಗೂಡಲ್ಲಿ ನಮ್ಮತ್ಗೆ ಅಡುಗೆಮನೆ ಪಕ್ಕ ಕೂತು ಮಾಡಿದ್ದು ಅಂದ್ರೆ ಯಾರು ನಂಬ್ತಾರೆ? ನೀವೂ ಬನ್ನಿ ನಾಳೆ. ಊಟ ಚೆನ್ನಾಗಿರ್ತದೆ."

"ಬರ್ತೀನಿ" ಎಂದಳು ಮಂಗಳಗೌರಿ. "ಒಂದು ಮಾತು ಕಣಪ್ಪ. ನಿಂದು ಹತ್ತೂವರೆ ಒಳಗೆ ಮುಗಿದ್ರೆ ಒಳ್ಳೇದು."

"ಹತ್ತಕ್ಕೆ ನಂದೇ ಫಸ್ಟು."

ಶುಕ್ರವಾರ ಅವಳು ರೇಷ್ಮೆ ಸೀರೆ ಉಟ್ಟಳು. ಯುದ್ಧಕ್ಕೆ ಹೊರಟ ರಾಣಿಯರಿಗೆ ಆನೆ ಸಿಗುತ್ತಿತ್ತು. ಇವಳಿಗೆ ನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮಂಟಪದಲ್ಲಿ ಮೂರನೇ ಸಾಲಿನಲ್ಲಿ ಕೂತು ಸುತ್ತ ನೋಡಿದಳು. ಸಭೆ ತುಂಬಿತ್ತು. ವೇದಿಕೆಯ ಮೇಲೆ ದೊಡ್ಡ ಪರದೆ, ಅದರ ಮುಂದೆ ಲ್ಯಾಪ್‌ಟಾಪು, ಅದರ ಪಕ್ಕದಲ್ಲಿ ಮದುಮಗನಂತೆ ರುದ್ರೇಶ್. ಹತ್ತಕ್ಕೆ ಮುಂಚೆಯೇ ದೀಪ ಹಚ್ಚಿದರು. ಗುರುಮಲ್ಲಪ್ಪನವರು ನಾಲ್ಕು ಮಾತಾಡಿ ಮೈಕನ್ನು ರುದ್ರೇಶನ ಕಡೆಗೆ ಚಾಚಿದರು.

ಆಗ ಮಂಗಳಗೌರಿ ಎದ್ದು ನಿಂತು ಕೈಮುಗಿದಳು. "ಯಜಮಾನ್ರೆ, ಒಂದು ಮಾತು ಕೇಳ್ಬೋದಾ? ಈ ಮಂಟಪಕ್ಕೆ ಪಾಯ ತೆಗೆದಾಗ ನೀರು ಉಕ್ಕಿ ಬಂತಂತಲ್ಲ, ನಿಜವಾ?"

ಸಭೆಯಲ್ಲಿ ಒಂದು ನಿಟ್ಟುಸಿರು ಹಾದುಹೋಯಿತು. ಗುರುಮಲ್ಲಪ್ಪನವರ ಹತ್ತಿರ ಪಾಯದ ಮಾತೆತ್ತಬಾರದು ಎಂಬುದು ಎರಡು ತಾಲ್ಲೂಕಿಗೂ ಗೊತ್ತಿದ್ದ ವಿಷಯ. ಅವರು ಚಾಚಿದ ಮೈಕನ್ನು ಹಿಂದಕ್ಕೆ ತೆಗೆದುಕೊಂಡರು. ಮುಖ ಅರಳಿತು. "ಒಳ್ಳೆ ಪ್ರಶ್ನೆ ಕೇಳ್ದೆ ಕಣವ್ವ" ಎಂದು ಶುರುಮಾಡಿದರು. ನೀರು ಬಂದದ್ದು, ಅದನ್ನು ಎತ್ತಿ ಹಾಕಲು ಹೆಮ್ಮಿಗೆಯಿಂದ ಎಂಜಿನ್ ತಂದದ್ದು, ಎಂಜಿನ್ ಕೆಟ್ಟದ್ದು, ಮೇಸ್ತ್ರಿ ಓಡಿಹೋದದ್ದು, ಅವನನ್ನು ಹುಡುಕಲು ಹೋದವನೂ ಓಡಿಹೋದದ್ದು. ರುದ್ರೇಶ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದ. ಮಂಗಳಗೌರಿ ನಡುನಡುವೆ "ಆಮೇಲೆ?" ಎಂದು ಬೆಂಕಿಗೆ ಸೌದೆ ಒಟ್ಟುತ್ತಿದ್ದಳು.

ಗೋಡೆಯ ಗಡಿಯಾರ ಹತ್ತೂವರೆ ದಾಟಿದಾಗ ಕವಲಂದೆಯಿಂದ ಬಂದಿದ್ದ ಮಾಲೀಕರೊಬ್ಬರು ಎದ್ದರು. "ರಾಹುಕಾಲ ಬಂತಲ್ಲ ಗುರುಮಲ್ಲಪ್ಪನೋರೆ."

"ದೀಪ ಹಚ್ಚಿದ್ದು ಮುಂಚೇಲೆ ಅಲ್ವಾ? ಶುರುವಾದ ಕೆಲ್ಸಕ್ಕೆ ಯಾವ ರಾಹು? ಕೂತ್ಕಳಿ" ಎಂದು ಗುರುಮಲ್ಲಪ್ಪನವರು ಧರ್ಮಸೂಕ್ಷ್ಮವನ್ನು ಬಿಡಿಸಿ, ಪಾಯದ ಕಥೆಯನ್ನು ಗೋಡೆ ಏಳುವವರೆಗೆ ತಂದು, ಕೊನೆಗೂ ಮೈಕು ಕೊಟ್ಟರು.

ರುದ್ರೇಶ್ ವೆಬ್‌ಸೈಟು ತೆರೆದ. ಆಳೆತ್ತರದ ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡಿದವು. ಡೇಟಾಬೇಸು ಸಿಗುತ್ತಿಲ್ಲ.

ಅವನು ಪೋರ್ಟು ನೋಡಿದ. ಪಾಸ್‌ವರ್ಡು ಹಾಕಿದ. ಫೈರ್‌ವಾಲು ತೆಗೆದ. ಡೇಟಾಬೇಸನ್ನು ಬಲವಂತವಾಗಿ ಎಬ್ಬಿಸಿದಾಗ ವೆಬ್‌ಸೈಟು ಝಗ್ಗೆಂದು ಬಂತು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವಷ್ಟರಲ್ಲಿ ಮತ್ತೆ ಕೆಂಪು. ಕೊನೆಗೆ ಅವನು ಚಾರ್ಜರ್ ಕಿತ್ತು, ಲ್ಯಾಪ್‌ಟಾಪನ್ನು ವೇದಿಕೆಯ ನೆಲದ ಮೇಲಿಟ್ಟು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಅದರ ಮುಂದೆ ಚಕ್ಕಂಬಕ್ಕಳ ಹಾಕಿ ಕೂತ. ಮೂರನೇ ಸಾಲಿನಲ್ಲಿ ಮಂಗಳಗೌರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಷ್ಟನ್ನು ಅವಳೂ ನಿರೀಕ್ಷಿಸಿರಲಿಲ್ಲ.

"ಇದೇನಪ್ಪ, ಪೂಜೆಗೆ ಕೂತ್ಯಾ?" ಎಂದರು ಗುರುಮಲ್ಲಪ್ಪನವರು.

"ಅಲ್ಲ ಸಾ, ಅರ್ಥಿಂಗು. ಏನೂ ಇಲ್ಲ ಸಾ, ಬೆಂಗಳೂರು ಟೀಮ್ ನೋಡ್ತಾವ್ರೆ."

"ಅಂಗಾದ್ರೆ ಅವ್ರಿಗೆ ಫೋನ್ ಆಕು. ನಾವೂ ಮಾತಾಡಮ."

"ಅವ್ರು ಬಿಜಿ ಇರ್ತಾರೆ ಸಾ."

"ಇಷ್ಟು ಜನ ಯಜಮಾನ್ರು ಕಾಯ್ತಾವ್ರೆ, ಅವ್ರಿಗೇನು ಬಿಜಿ? ಆಕು. ಸ್ಪೀಕರ್ ಮಾಡಿ ಮೈಕಿಗೆ ಇಡಿ."

ರುದ್ರೇಶ್ ಎದ್ದು ಫೋನು ತೆಗೆದ. ಅವನ ಫೋನಿನಲ್ಲಿ ಊರಿನ ಎಲ್ಲ ದೊಡ್ಡವರ ನಂಬರ್ ಇತ್ತು. ಡೇಟಾಬೇಸು ಗೊತ್ತಿದ್ದವರದ್ದು ಒಂದೇ ಇತ್ತು. ಅವನು ಮೂರನೇ ಸಾಲಿನ ಕಡೆ ನೋಡಿದ. ಹೊರಗೆ ಹೋಗಿ ಮಾತಾಡಿ ಎಂದು ಕಣ್ಣಲ್ಲೇ ಬೇಡಿದ. ಮಂಗಳಗೌರಿ ಬ್ಯಾಗಿನಿಂದ ತನ್ನ ಫೋನನ್ನು ತೆಗೆದು, ಸದ್ದನ್ನು ತುಂಬ ಏರಿಸಿ, ತೊಡೆಯ ಮೇಲಿಟ್ಟುಕೊಂಡಳು. ಗುರುಮಲ್ಲಪ್ಪನವರು ಕಾಯುತ್ತಿದ್ದರು. ಅವನು ಒತ್ತಿದ.

ಮಂಗಳಗೌರಿಯ ತೊಡೆಯ ಮೇಲೆ ದೇವಸ್ಥಾನದ ಗಂಟೆ ಢಣಢಣ ಬಾರಿಸತೊಡಗಿತು. ಮುಂದಿನ ಎರಡು ಸಾಲಿನವರು ತಿರುಗಿ ನೋಡಿದರು. ಅವಳು ಗಂಟೆಯನ್ನು ಸಾಕಷ್ಟು ಹೊತ್ತು ಬಾರಿಸಗೊಟ್ಟು, ಸೆರಗು ಸರಿಮಾಡಿಕೊಂಡು, ಫೋನೆತ್ತಿದಳು.

"ಹಲೋ" ಎಂದಿತು ವೇದಿಕೆಯ ಮೈಕು ಅವಳ ದನಿಯಲ್ಲಿ. "ಬೆಂಗಳೂರು ಟೀಮ್."

ಮೊದಲು ನಕ್ಕವರು ಹಿಂದಿನ ಸಾಲಿನ ಅಡುಗೆಯವರು. ಆಮೇಲೆ ಹಾಲೆಲ್ಲ ನಕ್ಕಿತು. ಗುರುಮಲ್ಲಪ್ಪನವರು ಮಾತ್ರ ನಗದೆ ಮೈಕಿಗೆ ಬಾಗಿದರು.

"ಎಲ್ಲಿಂದ ಮಾತಾಡ್ತಾ ಇದ್ದೀರಿ?"

"ಮೂರನೇ ಸಾಲಿಂದ ಯಜಮಾನ್ರೆ."

"ಇದು ಯಾವಾಗ ಸರಿಯಾದದು?"

"ಹನ್ನೆರಡಕ್ಕೆ ತಾನೇ ಏಳುತ್ತೆ. ರಾಹುಕಾಲ ಅಲ್ವಾ, ಮಲಗಿದೆ. ನಿಮ್ಮ ಆಫೀಸಿಂದೂ ಈಗ ಮಲಗಿರ್ಬೇಕು, ನೋಡಿಸಿ."

ಗುಮಾಸ್ತ ಓಡಿಹೋಗಿ ನೋಡಿ ಬಂದು, ಹೌದೆಂದು ತಲೆಯಾಡಿಸಿದ. ಮಾಲೀಕರ ನಡುವೆ ಗುಜುಗುಜು ಎದ್ದಿತು. ರಾಹುಕಾಲ ಬಂದರೆ ತಾನಾಗಿ ಕಣ್ಣುಮುಚ್ಚುವ ಯಂತ್ರವನ್ನು ಅವರು ಎಲ್ಲೂ ಕಂಡಿರಲಿಲ್ಲ. ರುದ್ರೇಶನ ವ್ಯಾಪಾರದ ಬುದ್ಧಿ ಮಿಂಚಿನಂತೆ ಎಚ್ಚೆತ್ತಿತು.

"ಅದೇ ಸಾ ನಮ್ಮ ಸ್ಪೆಷಲ್ ಫೀಚರು. ಸರ್‌ಪ್ರೈಸ್ ಆಗಿರ್ಲಿ ಅಂತ..."

"ಒಳ್ಳೇದಾಯ್ತು" ಎಂದಳು ಮಂಗಳಗೌರಿ ಫೋನಿನಲ್ಲಿ, ಕೂತಲ್ಲಿಂದಲೇ. "ಹಂಗಾದ್ರೆ ಸೆಟ್ಟಿಂಗ್ ಎಲ್ಲಿದೆ ಅಂತ ರುದ್ರೇಶ್ ತೋರಿಸ್ತಾರೆ, ಎಲ್ರೂ ನೋಡ್ಕೊಳ್ಳಿ."

ರುದ್ರೇಶ್ ಲ್ಯಾಪ್‌ಟಾಪಿನ ಕಡೆ ನೋಡಿದ. ಲ್ಯಾಪ್‌ಟಾಪು ಅವನನ್ನು ನೋಡಿತು. ಇಬ್ಬರಿಗೂ ಪರಿಚಯವಿದ್ದಂತೆ ಕಾಣಲಿಲ್ಲ. ಅವನು ಅಲ್ಲೊಂದು ಒತ್ತಿದ, ಇಲ್ಲೊಂದು ಒತ್ತಿದ. ಪರದೆಯ ಮೇಲೆ ಅವನ ಮಗನ ಹುಟ್ಟುಹಬ್ಬದ ಫೋಟೋಗಳು ತೆರೆದುಕೊಂಡವು.

"ಇದನ್ನ ಮಾಡಿದ್ಯಾರಪ್ಪ?" ಎಂದು ಕೇಳಿದರು ಗುರುಮಲ್ಲಪ್ಪನವರು.

ರುದ್ರೇಶ್ ಏನೋ ಅಂದ.

"ಮೈಕಲ್ಲೇಳು. ಇಂದ್ಗಡೆಯೋರಿಗೆ ಕೇಳ್ನಿಲ್ಲ."

"ನಮ್ಮತ್ಗೆ ಸಾ. ಮಂಗಳಗೌರಿ. ನಂಜನಗೂಡು."

"ಎಲ್ಲಾನೂವಾ?"

"ಎಲ್ಲಾನೂ ಸಾ. ಮೊದ್ಲಿಂದ."

ಮಂಗಳಗೌರಿ ಆ ಮಾತನ್ನು ಎರಡು ಸಲ ಕೇಳಿದಳು: ಒಮ್ಮೆ ಮೈಕಿನಲ್ಲಿ, ಒಮ್ಮೆ ಕಿವಿಗೆ ಹಿಡಿದಿದ್ದ ಫೋನಿನಲ್ಲಿ. ಫೋನಿನಲ್ಲಿ ಕೇಳಿದ್ದು ಇನ್ನೂ ಇಂಪಾಗಿತ್ತು. ಆಮೇಲೆ ಫೋನಿಟ್ಟು, ಎದ್ದು, ಅವಸರವಿಲ್ಲದೆ ವೇದಿಕೆ ಹತ್ತಿದಳು.

ಹನ್ನೆರಡಕ್ಕೆ ವೆಬ್‌ಸೈಟು ತಾನಾಗಿ ಎದ್ದಾಗ ಮಾಲೀಕರು ಎದ್ದು ನಿಂತು ಅದಕ್ಕೆ ಚಪ್ಪಾಳೆ ತಟ್ಟಿದರು. ಕವಲಂದೆಯವರು ಅವಳ ಹತ್ತಿರ ಬಂದು, "ಯಮಗಂಡಕ್ಕೂವೆ ಮಾಡಕಾಯ್ತದಾ ತಾಯಿ?" ಎಂದು ಕೇಳಿದರು. ಆಗುತ್ತದೆ ಎಂದಳು. ಗುಳಿಕಕ್ಕೂ ಆಗುತ್ತದೆ ಎಂದಳು. ಎಲ್ಲ ಮಂಟಪಗಳ ಕೆಲಸವೂ ಅವಳ ಹೆಸರಿಗೇ ಎಂದು ಗುರುಮಲ್ಲಪ್ಪನವರು ಊಟಕ್ಕೆ ಮುಂಚೆ ಮೈಕಿನಲ್ಲಿ ಸಾರಿದರು. ಪಾಯದ ಕಥೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕೆಂಬ ಷರತ್ತನ್ನೂ ಸೇರಿಸಿದರು.

ಕೈತೊಳೆಯುವ ನಲ್ಲಿಯ ಹತ್ತಿರ ರುದ್ರೇಶ್ ಸಿಕ್ಕಿದ. ಪ್ಯಾಂಟಿನ ಹಿಂದೆ ವೇದಿಕೆಯ ಧೂಳು ಇನ್ನೂ ಹಾಗೇ ಇತ್ತು. ಅವಳು ಅದನ್ನು ಅವನಿಗೆ ಹೇಳಲಿಲ್ಲ.

"ಅತ್ಗೆ, ಆಗಿದ್ದಾಯ್ತು. ಅದನ್ನ ನನ್ನ ಲ್ಯಾಪ್‌ಟಾಪಿಂದ ತೆಗೆದುಬಿಡಿ. ದಿನಾ ಒಂದೂವರೆ ಗಂಟೆ ಕೆಲಸ ನಿಲ್ತದೆ."

"ನೋಡೋಣ ಕಣಪ್ಪ" ಎಂದು ಮಂಗಳಗೌರಿ ಪಂಕ್ತಿಗೆ ಹೋಗಿ ಎಲೆಯ ಮುಂದೆ ಕೂತಳು.

ಅದಾಗಿ ಒಂದು ದೀಪಾವಳಿ ಕಳೆಯಿತು. ರುದ್ರೇಶ್ ಈಗಲೂ ಆಗಾಗ ಫೋನು ಮಾಡಿ ಕೇಳುತ್ತಾನೆ. ಮಂಗಳಗೌರಿ ಈಗಲೂ ನೋಡುತ್ತಿದ್ದಾಳೆ.